ಅಮೆರಿಕದ ಹೊಸ ಟ್ರಕ್ ಚಾಲಕರು: ಜೋಡಿ ತರಬೇತಿಯ ದಿನಗಳಲ್ಲಿ ಸಂಬಳದ ಲೆಕ್ಕ ಹೇಗೆ?

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹಿರಿಯರ ಮಾತು. ಆದರೆ ಕೆಲಸ ಕಲಿಯುವ ಮೊದಲ ದಿನಗಳಲ್ಲಿ ಕೈ ಎಷ್ಟು ಕೆಸರಾದರೂ ಬಾಯಿಗೆ ಬೀಳುವ ಮೊಸರು ಎಷ್ಟು ಎಂದು ಕೇಳುವವರು ಕಡಿಮೆ. ಕರಾವಳಿಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರಿಗೆ ಇದು ಹೊಸ ಪ್ರಶ್ನೆಯೇನಲ್ಲ. ಊಟ, ಮಲಗಲು ಜಾಗ, ಕೈಗೆ ಸ್ವಲ್ಪ ಹಣ. ಉಳಿದದ್ದು ಕೆಲಸ ಕಲಿತ ಮೇಲೆ ನೋಡೋಣ ಎಂಬ ಧಣಿಯ ಮಾತನ್ನು ಕೇಳಿದವರು ನಮ್ಮ ಸಂಘ-ಸಂಸ್ಥೆಗಳಲ್ಲಿ ಇಂದಿಗೂ ಇದ್ದಾರೆ. ಊರಿನ ಲಾರಿಗಳಲ್ಲೂ ಕ್ಲೀನರ್ ಆಗಿ ಸೇರಿದ ಹುಡುಗ ಗಾಜು ಒರೆಸುತ್ತ, ಟಯರು ಬದಲಿಸುತ್ತ ಡ್ರೈವರಣ್ಣನ ಪಕ್ಕದಲ್ಲೇ ಸ್ಟಿಯರಿಂಗ್ ಹಿಡಿಯಲು ಕಲಿತ.

ಇದೇ ಪ್ರಶ್ನೆ ಸಿರಿವಂತ ರಾಷ್ಟ್ರವಾದ ಅಮೆರಿಕದ ಹೆದ್ದಾರಿಗಳಲ್ಲೂ ಇದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಲ್ಲಿ ದೂರ ಪ್ರಯಾಣದ ಟ್ರಕ್ ಚಾಲಕನಾಗಲು ಹೊರಟವನು ಲೈಸೆನ್ಸ್ ಪಡೆದ ಬಳಿಕ ಕೆಲವು ವಾರ ಅನುಭವಿ ಚಾಲಕನೊಂದಿಗೆ ಜೋಡಿಯಾಗಿ ಓಡಬೇಕು. ಈ ಅವಧಿಯ ಸಂಬಳದ ವಿಚಾರವಾಗಿ ನಡೆದ ವ್ಯಾಜ್ಯವೊಂದು ಆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಟ್ರಕ್ಕಿನ ಹಿಂಬದಿಯ ಬರ್ತ್‌ನಲ್ಲಿ ಮಲಗಿರುವ ಹೊಸಬನ ಹೊತ್ತು ಯಾರಿಗೆ ಸೇರಿದ್ದು, ಅವನಿಗೋ ಕಂಪೆನಿಗೋ ಎಂಬುದೇ ಈ ವ್ಯಾಜ್ಯಗಳ ಮುಖ್ಯ ತಿರುಳು.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರೆಂದರೆ ಕಂಪ್ಯೂಟರ್ ಇಂಜಿನಿಯರುಗಳು, ವೈದ್ಯರು ಎಂಬ ಭಾವನೆ ಸಾಮಾನ್ಯ. ಆದರೆ ಅಲ್ಲಿಗೆ ಹೋದ ಭಾರತೀಯರಲ್ಲಿ, ವಿಶೇಷವಾಗಿ ಪಂಜಾಬಿಗಳಲ್ಲಿ, ಟ್ರಕ್ ಓಡಿಸಿ ಸಂಸಾರ ನಿಲ್ಲಿಸಿಕೊಂಡವರ ಸಂಖ್ಯೆ ದೊಡ್ಡದು. ಗ್ರೀನ್ ಕಾರ್ಡ್ ಇರುವ ಬಂಧುಗಳ ಮನೆಯ ಯುವಕರೂ ಈ ದಾರಿಯ ಬಗ್ಗೆ ವಿಚಾರಿಸುವುದುಂಟು. ಜಾಹೀರಾತುಗಳಲ್ಲಿ ವರ್ಷದ ಆದಾಯವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಲಾಗುತ್ತದೆ. ತರಬೇತಿಯ ವಾರಗಳ ಸಂಬಳ ಮಾತ್ರ ಸಣ್ಣ ಅಕ್ಷರದಲ್ಲಿರುತ್ತದೆ. ಆ ಸಣ್ಣ ಅಕ್ಷರವನ್ನು ಓದುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಲೈಸೆನ್ಸ್ ಬಂದ ಮೇಲೂ ಮುಗಿಯದ ಪಾಠ

ಅಮೆರಿಕದಲ್ಲಿ ದೊಡ್ಡ ಟ್ರಕ್ ಓಡಿಸಲು ವಾಣಿಜ್ಯ ಚಾಲನಾ ಪರವಾನಿಗೆ ಬೇಕು. ಇದನ್ನು ಅಲ್ಲಿ ಸಿಡಿಎಲ್ ಎಂದು ಕರೆಯುತ್ತಾರೆ. ಟ್ರೈಲರ್ ಎಳೆಯುವ ಭಾರಿ ವಾಹನಕ್ಕೆ ‘ಎ’ ದರ್ಜೆಯ ಪರವಾನಿಗೆ ಅಗತ್ಯ. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸಲು ಚಾಲಕನಿಗೆ 21 ವರ್ಷ ತುಂಬಿರಬೇಕು ಎಂಬುದು ಸಾಮಾನ್ಯ ನಿಯಮ. 2022ರ ಫೆಬ್ರವರಿ 7ರಿಂದ, ಸರಕಾರದ ಪಟ್ಟಿಯಲ್ಲಿ ನೋಂದಾಯಿತವಾದ ಸಂಸ್ಥೆಯಲ್ಲಿ ತರಬೇತಿ ಪಡೆಯದೆ ಹೊಸಬರು ಸಿಡಿಎಲ್ ಚಾಲನಾ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ. ಆದರೆ ರಸ್ತೆಯ ಮೇಲೆ ಇಂತಿಷ್ಟು ಗಂಟೆ ಓಡಿಸಲೇಬೇಕು ಎಂಬ ಕನಿಷ್ಠ ಮಿತಿಯನ್ನು ಈ ಕೇಂದ್ರ ನಿಯಮ ಹೇಳಿಲ್ಲ ಎಂಬುದು ಗಮನಾರ್ಹ.

ಆದ್ದರಿಂದ ಕೆಲವೇ ವಾರಗಳ ಶಾಲೆ ಮುಗಿಸಿ ಲೈಸೆನ್ಸ್ ಹಿಡಿದು ಬಂದ ಹೊಸಬನ ಕೈಗೆ ದೊಡ್ಡ ಕಂಪೆನಿಗಳು ಒಮ್ಮೆಲೇ ಟ್ರಕ್ಕಿನ ಕೀಲಿ ಕೊಡುವುದಿಲ್ಲ. ತಮ್ಮದೇ ತರಬೇತುದಾರನ ಜತೆ ಟ್ರಕ್ ಹತ್ತಿಸುತ್ತವೆ. ಮೊದಲ ಹಂತದಲ್ಲಿ ಹೊಸಬ ಓಡಿಸುವಾಗ ತರಬೇತುದಾರ ಪಕ್ಕದ ಸೀಟಿನಲ್ಲಿ ಎಚ್ಚರದಿಂದ ಕುಳಿತಿರುತ್ತಾನೆ. ಹಿಂದಕ್ಕೆ ತೆಗೆಯುವುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು, ಸರಕಿನ ಕಾಗದಪತ್ರ ನೋಡುವುದು ಇವನ್ನೆಲ್ಲ ಹೇಳಿಕೊಡುತ್ತಾನೆ. ಎರಡನೆಯ ಹಂತ ಬಂದಾಗ ಚಿತ್ರವೇ ಬದಲಾಗುತ್ತದೆ. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದಿನ ಬರ್ತ್‌ನಲ್ಲಿ ಮಲಗುತ್ತಾನೆ. ಇದನ್ನೇ ಜೋಡಿ ಚಾಲನೆ ಅಥವಾ ‘ಟೀಮ್’ ಎನ್ನುತ್ತಾರೆ.

ಇದರ ಹಿಂದಿರುವ ವ್ಯಾಪಾರದ ಲೆಕ್ಕ ಸರಳ. ಕೇಂದ್ರ ನಿಯಮದಂತೆ ಸರಕು ಸಾಗಿಸುವ ಚಾಲಕ ಸತತ 10 ಗಂಟೆ ವಿಶ್ರಾಂತಿಯ ಬಳಿಕ, 14 ಗಂಟೆಯ ಅವಧಿಯೊಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. ಪ್ರತಿದಿನ ಓಡುವ ಕಂಪೆನಿಗಳಲ್ಲಿ 8 ದಿನಗಳಲ್ಲಿ 70 ಗಂಟೆಯ ಕೆಲಸ ಮುಗಿಸಿದವನು ಮತ್ತೆ ಚಕ್ರ ಹಿಡಿಯುವಂತಿಲ್ಲ. 2017ರ ಡಿಸೆಂಬರ್‌ನಿಂದ ಈ ಗಂಟೆಗಳನ್ನು ಹೆಚ್ಚಿನ ಟ್ರಕ್ಕುಗಳಲ್ಲಿ ಇಲೆಕ್ಟ್ರಾನಿಕ್ ಯಂತ್ರವೇ ದಾಖಲಿಸುತ್ತಿದೆ. ಒಬ್ಬನೇ ಚಾಲಕನಿದ್ದರೆ ಅವನು ಮಲಗಿದಾಗ ಟ್ರಕ್ಕೂ ನಿಲ್ಲುತ್ತದೆ. ಇಬ್ಬರಿದ್ದರೆ ಒಬ್ಬನ ವಿಶ್ರಾಂತಿಯ ಹೊತ್ತಿನಲ್ಲೂ ಟ್ರಕ್ ಓಡುತ್ತಿರುತ್ತದೆ. ದೂರದ ಊರಿಗೆ ಅವಸರದ ಸರಕು ಬೇಗ ತಲಪುತ್ತದೆ. ಕಂಪೆನಿಗೆ ಬಾಡಿಗೆಯೂ ಬರುತ್ತದೆ. ಆ ಇಬ್ಬರಲ್ಲಿ ಒಬ್ಬ ಕಲಿಯುವವನು ಎಂಬ ಕಾರಣಕ್ಕೆ ಸರಕಿನ ಒಡೆಯನಿಗೆ ಬಾಡಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ.

ತರಬೇತುದಾರನ ಸಂಬಳದ ರೀತಿಯನ್ನೂ ಇಲ್ಲಿ ಹೇಳಬೇಕು. ಅನೇಕ ಕಡೆ ಅವನಿಗೆ ಟ್ರಕ್ ಓಡಿದ ಎಲ್ಲ ಮೈಲುಗಳಿಗೂ, ಅಂದರೆ ಹೊಸಬ ಓಡಿಸಿದ ಮೈಲುಗಳಿಗೂ, ಹಣ ಬರುತ್ತದೆ. ಹೊಸಬನಿಗೆ ಕಲಿಸುವುದಕ್ಕಿಂತ ಅವನಿಂದ ಓಡಿಸುವುದರಲ್ಲಿಯೇ ಲಾಭ ಕಾಣುವ ಆಸೆ ಇದರಿಂದ ಹುಟ್ಟಬಹುದು. ಒಳ್ಳೆಯ ಗುರುಗಳು ಅಲ್ಲಿಯೂ ಇದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವೆಡೆ ಒಂದು ವರ್ಷದ ಚಾಲನಾ ಅನುಭವವೂ ಇಲ್ಲದವರನ್ನು ಗುರುವಿನ ಸೀಟಿನಲ್ಲಿ ಕೂರಿಸಿದ್ದುಂಟು.

ಸಂಬಳ ಕೊಡುವ ಮೂರು ರೀತಿ

ತರಬೇತಿಯ ಹೊತ್ತಿನ ಸಂಬಳವನ್ನು ಸ್ಥೂಲವಾಗಿ ಮೂರು ರೀತಿಯಲ್ಲಿ ಕೊಡಲಾಗುತ್ತದೆ.

ಮೊದಲನೆಯದು ನಿಗದಿತ ಮೊತ್ತ. ವಾರಕ್ಕೆ ಇಷ್ಟು ಅಥವಾ ದಿನಕ್ಕೆ ಇಷ್ಟು ಎಂದು ನಿರ್ಧರಿಸಿರುತ್ತಾರೆ. ಎಷ್ಟು ಮೈಲು ಓಡಿದರೂ ಅಷ್ಟೇ. ಸರಕು ಸಿಗದೆ ಟ್ರಕ್ ನಿಂತ ವಾರದಲ್ಲಿ ಇದು ಹೊಸಬನನ್ನು ಕಾಯುತ್ತದೆ. ಹಗಲಿರುಳು ಓಡಿದ ವಾರದಲ್ಲಿ ಅವನಿಗೆ ನಷ್ಟ.

ಎರಡನೆಯದು ಮೈಲಿಗೆ ಇಷ್ಟು ಸೆಂಟ್ ಎಂಬ ಲೆಕ್ಕ. ಒಂದು ಮೈಲು ಎಂದರೆ ಸುಮಾರು 1.6 ಕಿಲೋಮೀಟರ್. ಇಲ್ಲಿ ಒಂದು ಸೂಕ್ಷ್ಮವಿದೆ. ದರ ಟ್ರಕ್ ಓಡಿದ ಎಲ್ಲ ಮೈಲುಗಳಿಗೋ, ಹೊಸಬ ಸ್ವತಃ ಓಡಿಸಿದ ಮೈಲುಗಳಿಗೆ ಮಾತ್ರವೋ ಎಂಬುದನ್ನು ಕೇಳಿ ತಿಳಿಯಬೇಕು. ಎಲ್ಲ ಮೈಲುಗಳಿಗೆ 12 ಸೆಂಟ್ ಮತ್ತು ಸ್ವಂತ ಮೈಲುಗಳಿಗೆ 24 ಸೆಂಟ್ ಎಂಬ ಎರಡು ಮಾತುಗಳಲ್ಲಿ ಎರಡನೆಯದು ದೊಡ್ಡದಾಗಿ ಕಂಡರೂ, ಇಬ್ಬರೂ ಸಮನಾಗಿ ಓಡಿಸಿದರೆ ಎರಡೂ ಒಂದೇ. ಮೈಲುಗಳನ್ನು ಟ್ರಕ್ಕಿನ ಮೀಟರಿನಿಂದ ಎಣಿಸುತ್ತಾರೋ ಅಥವಾ ಊರಿಂದ ಊರಿಗೆ ಮೊದಲೇ ಗೊತ್ತುಮಾಡಿದ ದೂರದ ಪಟ್ಟಿಯಿಂದ ಎಣಿಸುತ್ತಾರೋ ಎಂಬುದೂ ಮುಖ್ಯ. ಪಟ್ಟಿಯ ದೂರವು ನಿಜವಾಗಿ ಓಡಿದ ದೂರಕ್ಕಿಂತ ಕಡಿಮೆಯಿರುವುದೇ ಹೆಚ್ಚು.

ಮೂರನೆಯದು ಗಂಟೆಯ ಲೆಕ್ಕ. ಇದು ಕಾಗದದ ಮೇಲೆ ಅತ್ಯಂತ ನೇರವಾದದ್ದು. ಆದರೆ ಯಾವ ಗಂಟೆಗಳನ್ನು ಕೆಲಸದ ಗಂಟೆ ಎಂದು ಬರೆಯಲಾಗುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಪಟ್ಟಿ ಬೇರೆ, ಭಾಗಾಕಾರ ಒಂದೇ

ಕಂಪೆನಿ ಯಾವ ಹೆಸರಿನಲ್ಲಿ ಸಂಬಳ ಕೊಟ್ಟರೂ ಕಾನೂನಿನ ಅಳತೆಗೋಲು ಒಂದೇ. ಅಮೆರಿಕದಲ್ಲಿ 1938ರಲ್ಲಿ ಜಾರಿಗೆ ಬಂದ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯಿದೆಯಂತೆ ಕೆಲಸ ಮಾಡಿದ ಗಂಟೆಗಳಿಗೆ ಕನಿಷ್ಠ ವೇತನ ದೊರೆಯಲೇಬೇಕು. 2009ರ ಜುಲೈ 24ರಂದು ನಿಗದಿಯಾದ ಕೇಂದ್ರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು ಇದರ ಎರಡು ಪಟ್ಟಿಗಿಂತಲೂ ಹೆಚ್ಚಿನ ದರ ಗೊತ್ತುಮಾಡಿವೆ. ವಾರದ ಒಟ್ಟು ಸಂಬಳವನ್ನು ವಾರದ ಒಟ್ಟು ಕೆಲಸದ ಗಂಟೆಗಳಿಂದ ಭಾಗಿಸಿದಾಗ 7.25ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸವನ್ನು ಕಂಪೆನಿ ತುಂಬಿಕೊಡಬೇಕು.

ಉದಾಹರಣೆಗೆ ಒಬ್ಬ ಹೊಸಬನಿಗೆ ವಾರಕ್ಕೆ 600 ಡಾಲರ್ ಎಂದು ಇಟ್ಟುಕೊಳ್ಳೋಣ. ಅವನು ಓಡಿಸಿದ್ದು, ಸರಕು ಹೇರಿಸಿದ್ದು, ತಪಾಸಣೆ ಮಾಡಿದ್ದು ಎಲ್ಲ ಸೇರಿ 60 ಗಂಟೆಯಾದರೆ ಗಂಟೆಗೆ 10 ಡಾಲರ್ ಬಿತ್ತು. ಕನಿಷ್ಠ ವೇತನ ದಾಟಿತು, ತಕರಾರಿಲ್ಲ. ಆದರೆ ಅವನು ಆ ವಾರ ಏಳೂ ದಿನ ಟ್ರಕ್ಕಿನಲ್ಲೇ ಇದ್ದ. ದಿನದ 24 ಗಂಟೆಗಳಲ್ಲಿ 8 ಗಂಟೆ ನಿದ್ದೆಗೆ ಕಳೆದು ಉಳಿದ 16 ಗಂಟೆಗಳನ್ನೂ ಕೆಲಸವೆಂದು ಎಣಿಸಿದರೆ ವಾರಕ್ಕೆ 112 ಗಂಟೆ. ಆಗ 600 ಡಾಲರನ್ನು 112ರಿಂದ ಭಾಗಿಸಿದರೆ ಗಂಟೆಗೆ ಸುಮಾರು 5.36 ಡಾಲರ್. ಕನಿಷ್ಠ ವೇತನದಂತೆ ಅವನಿಗೆ 812 ಡಾಲರ್ ಬರಬೇಕಿತ್ತು. 212 ಡಾಲರ್ ಕಡಿಮೆ ಬಿತ್ತು. ಇಂತಹ ನಾಲ್ಕು ವಾರಗಳಿಗೆ 848 ಡಾಲರ್. ಊಟದ ವಿರಾಮಗಳನ್ನು ಕಳೆದರೆ ಈ ಅಂಕಿ ಸ್ವಲ್ಪ ಇಳಿಯುತ್ತದೆ, ಅಷ್ಟೇ.

ಮೈಲಿಯ ಲೆಕ್ಕದಲ್ಲೂ ಹೀಗೆಯೇ. ಸ್ವಂತ ಮೈಲಿಗೆ 25 ಸೆಂಟ್ ದರವಿದ್ದು, ಹೊಸಬ ವಾರದಲ್ಲಿ 2,500 ಮೈಲು ಓಡಿಸಿದರೆ 625 ಡಾಲರ್. ಇನ್ನೊಂದು ವಾರ ಗೋದಾಮಿನ ಬಾಗಿಲಲ್ಲಿ ಸರಕಿಗಾಗಿ ಕಾದು ಕಾದು 1,500 ಮೈಲು ಮಾತ್ರ ಓಡಿತು ಎನ್ನೋಣ. ಸಂಬಳ 375 ಡಾಲರ್. ಕಾಯುವ ಹೊತ್ತೂ ಸೇರಿ 60 ಗಂಟೆ ಕೆಲಸವಾಗಿದ್ದರೆ ಗಂಟೆಗೆ 6.25 ಡಾಲರ್ ಮಾತ್ರ. ಬರ್ತ್‌ನ ಹೊತ್ತನ್ನು ಸೇರಿಸದೆಯೂ ಇದು ಕನಿಷ್ಠ ವೇತನಕ್ಕಿಂತ ಕಡಿಮೆ. 60 ಗಂಟೆಗೆ 435 ಡಾಲರ್ ಆಗುವುದರಿಂದ 60 ಡಾಲರ್ ತುಂಬಿಕೊಡುವುದು ಕಂಪೆನಿಯ ಹೊಣೆ.

ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಓವರ್‌ಟೈಮ್ ಸಿಗುವುದಿಲ್ಲವೇ ಎಂದು ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದವರು ಕೇಳಬಹುದು. ಅಂತಾರಾಜ್ಯ ಸರಕು ಸಾಗಿಸುವ ಟ್ರಕ್ ಚಾಲಕರನ್ನು ಅದೇ ಕಾಯಿದೆಯು ಓವರ್‌ಟೈಮ್ ನಿಯಮದಿಂದ ಹೊರಗಿಟ್ಟಿದೆ. ಹೀಗಾಗಿ ಹೊಸಬನಿಗೆ ಕೇಂದ್ರ ಕಾನೂನಿನಲ್ಲಿ ಉಳಿದಿರುವ ಮುಖ್ಯ ಆಸರೆಯೆಂದರೆ ಕನಿಷ್ಠ ವೇತನವೊಂದೇ. ಗಂಟೆಗಳ ಎಣಿಕೆಯ ಬಗ್ಗೆ ಇಷ್ಟು ಜಗ್ಗಾಟ ನಡೆಯುವುದು ಈ ಕಾರಣಕ್ಕಾಗಿ.

ಬರ್ತ್‌ನಲ್ಲಿ ಮಲಗಿದ ಹೊತ್ತು

ಅಮೆರಿಕದ ಕಾರ್ಮಿಕ ಇಲಾಖೆಯ ನಿಯಮಾವಳಿಯಲ್ಲಿ ಈ ಬಗ್ಗೆ ಎರಡು ಮಾತುಗಳಿವೆ. 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕರ್ತವ್ಯದಲ್ಲಿರುವ ನೌಕರನ ವಿಚಾರದಲ್ಲಿ, ಪರಸ್ಪರ ಒಪ್ಪಿಗೆಯಿದ್ದರೆ ಊಟದ ಹೊತ್ತನ್ನೂ ಹೆಚ್ಚೆಂದರೆ 8 ಗಂಟೆಯ ನಿದ್ದೆಯನ್ನೂ ಕಳೆಯಬಹುದು. ಆದರೆ ಮಲಗಲು ಸರಿಯಾದ ವ್ಯವಸ್ಥೆ ಇರಬೇಕು, ಸಾಮಾನ್ಯವಾಗಿ ಅಡ್ಡಿಯಿಲ್ಲದ ನಿದ್ದೆ ದೊರೆಯಬೇಕು. ಕನಿಷ್ಠ 5 ಗಂಟೆಯ ನಿದ್ದೆಯೂ ಆಗದಿದ್ದರೆ ಇಡೀ ಹೊತ್ತು ಕೆಲಸವೆಂದೇ ಲೆಕ್ಕ. ಇದು ಮೊದಲ ಮಾತು. ಇನ್ನೊಂದು ನಿಯಮದಂತೆ ಟ್ರಕ್ಕಿನಲ್ಲಿ ಸಹಾಯಕನಾಗಿ ಪ್ರಯಾಣಿಸುವವನು ಕೆಲಸದಲ್ಲಿಯೇ ಇದ್ದಾನೆ. ಊಟದ ವಿರಾಮ ಅಥವಾ ಮಾಲಕ ಒದಗಿಸಿದ ತಕ್ಕ ಜಾಗದಲ್ಲಿ ಮಲಗಲು ಬಿಟ್ಟ ಹೊತ್ತು ಮಾತ್ರ ಇದಕ್ಕೆ ಹೊರತು.

ಕಂಪೆನಿಗಳು ಎರಡನೆಯ ನಿಯಮವನ್ನು ಹಿಡಿದುಕೊಂಡು, ಬರ್ತ್‌ನಲ್ಲಿದ್ದ ಹೊತ್ತೆಲ್ಲ ಲೆಕ್ಕಕ್ಕಿಲ್ಲ ಎನ್ನುತ್ತವೆ. ಚಾಲಕರ ವಕೀಲರು ಮೊದಲನೆಯದನ್ನು ಹಿಡಿದು, 8 ಗಂಟೆ ಮೀರಿದ್ದಕ್ಕೆ ಹಣ ಕೊಡಿ ಎನ್ನುತ್ತಾರೆ. ಸರಕಾರವೇ ಈ ವಿಚಾರದಲ್ಲಿ ಅತ್ತಿತ್ತ ವಾಲಿದೆ. 2019ರ ಜುಲೈನಲ್ಲಿ ಕಾರ್ಮಿಕ ಇಲಾಖೆ ಅಭಿಪ್ರಾಯ ಪತ್ರವೊಂದನ್ನು ಹೊರಡಿಸಿ, ಕೆಲಸದಿಂದ ಬಿಡುವು ಪಡೆದು ಬರ್ತ್‌ನಲ್ಲಿ ಕಳೆದ ಹೊತ್ತಿಗೆ ಸಂಬಳ ಕೊಡಬೇಕಿಲ್ಲ ಎಂದಿತು. ಸರಕಾರ ಬದಲಾದ ಬಳಿಕ 2021ರ ಫೆಬ್ರವರಿಯಲ್ಲಿ ಅದೇ ಇಲಾಖೆ ಆ ಪತ್ರವನ್ನು ಹಿಂದೆಗೆದುಕೊಂಡಿತು.

ಮನೆಯ ಮಂಚದ ಮೇಲಿನ ನಿದ್ದೆಗೂ ಈ ನಿದ್ದೆಗೂ ಇರುವ ಅಂತರವನ್ನು ರಾತ್ರಿ ಬಸ್ಸಿನ ಕೊನೆಯ ಸೀಟಿನಲ್ಲಿ ಊರಿಗೆ ಹೋದವರು ಬಲ್ಲರು. ಟ್ರಕ್ ಓಡುತ್ತಲೇ ಇರುತ್ತದೆ. ಮಲಗಿದವನು ಇಳಿದು ಹೋಗುವಂತಿಲ್ಲ, ಹೆಂಡತಿ ಮಕ್ಕಳನ್ನು ಕಾಣುವಂತಿಲ್ಲ, ಒಂದು ಗುಟುಕು ಮದ್ಯವನ್ನೂ ಕುಡಿಯುವಂತಿಲ್ಲ. ಎದ್ದ ಕೂಡಲೇ ಚಕ್ರ ಹಿಡಿಯಬೇಕಾದವನು ನಿದ್ದೆ ಮಾಡುವುದೂ ಒಂದು ಬಗೆಯಲ್ಲಿ ಕಂಪೆನಿಯ ಕೆಲಸದ ಭಾಗವೇ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ.

ನ್ಯಾಯಾಲಯಗಳು ಹೇಳಿದ್ದೇನು?

ಕಲಿಯುವವನಿಗೆ ಸಂಬಳವೇ ಬೇಡ ಎಂಬ ವಾದಕ್ಕೆ ಹಳೆಯ ಆಧಾರವೊಂದಿದೆ. 1947ರಲ್ಲಿ ಪೋರ್ಟ್‌ಲ್ಯಾಂಡ್ ಟರ್ಮಿನಲ್ ಎಂಬ ರೈಲ್ವೆ ಕಂಪೆನಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಏಳೆಂಟು ದಿನ ಕೆಲಸ ನೋಡಿ ಕಲಿತ ಅಭ್ಯರ್ಥಿಗಳು ನೌಕರರಲ್ಲ ಎಂದು ತೀರ್ಪಿತ್ತಿತು. ಅವರಿಂದ ಕಂಪೆನಿಗೆ ತತ್‌ಕ್ಷಣದ ಲಾಭವಿರಲಿಲ್ಲ ಎಂಬುದು ಆ ತೀರ್ಪಿಗೆ ಒಂದು ಮುಖ್ಯ ಕಾರಣ. ಬಾಡಿಗೆಯ ಸರಕು ಹೇರಿದ ಟ್ರಕ್ಕನ್ನು ಹೊಸಬ ನಡುರಾತ್ರಿ ಓಡಿಸುತ್ತಿದ್ದು, ಗುರು ಹಿಂದೆ ಮಲಗಿರುವಾಗ ಅದೇ ಮಾತನ್ನು ಹೇಳುವುದು ಕಷ್ಟ.

2018ರ ಅಕ್ಟೋಬರ್‌ನಲ್ಲಿ ಅರ್ಕಾನ್ಸಾಸ್‌ನ ಕೇಂದ್ರ ನ್ಯಾಯಾಲಯವು ಪಿ.ಎ.ಎಂ. ಟ್ರಾನ್ಸ್‌ಪೋರ್ಟ್ ಕಂಪೆನಿಯ ವಿರುದ್ಧದ ಸಾಮೂಹಿಕ ದಾವೆಯಲ್ಲಿ, ಟ್ರಕ್ಕಿನಲ್ಲೇ 24 ಗಂಟೆ ಇರುವ ಚಾಲಕನ ನಿದ್ದೆಗೆ 8 ಗಂಟೆಗಿಂತ ಹೆಚ್ಚು ಕಳೆಯುವಂತಿಲ್ಲ ಎಂದು ಹೇಳಿತು. ಆ ದಾವೆ 2020ರಲ್ಲಿ 1.65 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಎಲ್ಲ ನ್ಯಾಯಾಲಯಗಳೂ ಇದೇ ಹಾದಿ ಹಿಡಿದಿಲ್ಲ. ಬರ್ತ್‌ನ ಹೊತ್ತಿಗೆ ಸಂಬಳವಿಲ್ಲ ಎಂದ ತೀರ್ಪುಗಳೂ ಇವೆ.

2023ರ ಡಿಸೆಂಬರ್‌ನಲ್ಲಿ ಒಂದನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ, ಸಿ.ಆರ್.ಎಸ್.ಟಿ. ಕಂಪೆನಿಯ ಜೋಡಿ ಚಾಲಕರ ಪ್ರಕರಣದಲ್ಲಿ ದಿನಕ್ಕೆ 8 ಗಂಟೆ ಮೀರಿ ಬರ್ತ್‌ನಲ್ಲಿ ಕಳೆದ ಹೊತ್ತಿಗೆ ಸಂಬಳ ಸಲ್ಲಬೇಕು ಎಂದಿತು. ಈ ತೀರ್ಪು ಮ್ಯಾಸಚೂಸೆಟ್ಸ್, ಮೇನ್, ನ್ಯೂ ಹ್ಯಾಂಪ್‌ಶೈರ್, ರೋಡ್ ಐಲ್ಯಾಂಡ್ ರಾಜ್ಯಗಳು ಮತ್ತು ಪೋರ್ಟೊ ರಿಕೋದ ಕೇಂದ್ರ ನ್ಯಾಯಾಲಯಗಳನ್ನು ಬಂಧಿಸುತ್ತದೆ. ಉಳಿದೆಡೆ ಇದನ್ನು ಆಧಾರವಾಗಿ ತೋರಿಸಬಹುದೇ ಹೊರತು ಕಟ್ಟಾಯವಿಲ್ಲ.

ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಡೊಮಿನಿಕ್ ಒಲಿವೇರಾ ಎಂಬ ಚಾಲಕನ ಪ್ರಕರಣ. ನ್ಯೂ ಪ್ರೈಮ್ ಕಂಪೆನಿಯಲ್ಲಿ ತಾನು ಶಿಷ್ಯನಾಗಿ 10,000 ಮೈಲು ಸಂಬಳವಿಲ್ಲದೆ ಓಡಿಸಿದೆ, ಬಳಿಕ 30,000 ಮೈಲು ಗಂಟೆಗೆ ಸುಮಾರು 4 ಡಾಲರ್ ಬೀಳುವಂತೆ ದುಡಿದೆ ಎಂಬುದು ಆತನ ದೂರು. ಕರಾರಿನ ಪ್ರಕಾರ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಖಾಸಗಿ ಮಧ್ಯಸ್ಥಿಕೆಗೆ ಬರಬೇಕು ಎಂದು ಕಂಪೆನಿ ವಾದಿಸಿತು. 2019ರ ಜನವರಿ 15ರಂದು ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ, ಸ್ವತಂತ್ರ ಗುತ್ತಿಗೆದಾರ ಎಂದು ಹೆಸರಿಸಿದರೂ ಸಾರಿಗೆ ಕಾರ್ಮಿಕನನ್ನು ಕೇಂದ್ರ ಮಧ್ಯಸ್ಥಿಕೆ ಕಾಯಿದೆಯ ಬಲದಿಂದ ಹಾಗೆ ಕಟ್ಟಿಹಾಕುವಂತಿಲ್ಲ ಎಂದು ತೀರ್ಪಿತ್ತರು. ಮುಂದೆ ಸಾವಿರಾರು ಚಾಲಕರಿಗೆ ಸಂಬಂಧಿಸಿದ ಆ ದಾವೆ 2.8 ಕೋಟಿ ಡಾಲರಿನ ರಾಜಿಯಲ್ಲಿ ಕೊನೆಗೊಂಡಿತು.

ಮಹಿಳೆಯರ ಪಾಲಿಗೆ ಜೋಡಿ ತರಬೇತಿ ಇನ್ನೊಂದು ತೊಡಕು ತಂದಿತ್ತು. ಇದೇ ಕಂಪೆನಿ ಮಹಿಳೆಗೆ ಮಹಿಳೆಯೇ ಗುರುವಾಗಬೇಕು ಎಂಬ ನಿಯಮ ಮಾಡಿತ್ತು. ರಕ್ಷಣೆಗಾಗಿ ಮಾಡಿದ ನಿಯಮದಂತೆ ಕಂಡರೂ ಮಹಿಳಾ ಗುರುಗಳ ಸಂಖ್ಯೆ ತೀರಾ ಕಡಿಮೆಯಿದ್ದುದರಿಂದ ಪುರುಷರು ಕೆಲಸಕ್ಕೆ ಸೇರಿ ಸಂಪಾದಿಸುತ್ತಿದ್ದಾಗ ಮಹಿಳೆಯರು ದೀರ್ಘಕಾಲ ಕಾಯಬೇಕಾಯಿತು. 2014ರಲ್ಲಿ ಕೇಂದ್ರ ನ್ಯಾಯಾಲಯ ಇದನ್ನು ತಾರತಮ್ಯವೆಂದು ಪರಿಗಣಿಸಿತು. 2016ರಲ್ಲಿ ಕಂಪೆನಿ 31 ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತ ನೀಡಬೇಕಾಯಿತು.

ಕಲಿಸಿದ ಸಾಲ ಮತ್ತು ಕಡಿತಗಳು

ಸಂಬಳದಷ್ಟೇ ಗಮನಿಸಬೇಕಾದುದು ಸಾಲ. ಅನೇಕ ಕಂಪೆನಿಗಳು ಶಾಲೆಯ ಶುಲ್ಕವನ್ನು ತಾವೇ ಭರಿಸುತ್ತವೆ. ಪ್ರತಿಯಾಗಿ ಇಂತಿಷ್ಟು ತಿಂಗಳು, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು, ತಮ್ಮಲ್ಲೇ ದುಡಿಯಬೇಕೆಂದು ಬರೆಸಿಕೊಳ್ಳುತ್ತವೆ. ನಡುವೆ ಬಿಟ್ಟರೆ ಸಾವಿರಾರು ಡಾಲರ್ ಮರುಪಾವತಿ. ಗುರುವಿನ ಜತೆ ಹೊಂದದೆ, ನಿದ್ದೆಗೆಟ್ಟು, ಆರೋಗ್ಯ ಕೆಟ್ಟು ಮೂರನೆಯ ವಾರದಲ್ಲಿ ಇಳಿದು ಹೋದವನಿಗೂ ಆ ಸಾಲ ಬೆನ್ನು ಬಿಡುವುದಿಲ್ಲ. ಇಂತಹ ‘ಇರು, ಇಲ್ಲವೇ ಹಣ ಕೊಡು’ ಕರಾರುಗಳನ್ನು ಕ್ಯಾಲಿಫೋರ್ನಿಯಾ ರಾಜ್ಯ 2025ರಲ್ಲಿ ಕಾಯಿದೆ ಮಾಡಿ, 2026ರ ಜನವರಿ 1ರ ನಂತರದ ಒಪ್ಪಂದಗಳಿಗೆ ಅನ್ವಯಿಸುವಂತೆ, ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿದೆ.

ಕಡಿತಗಳ ಲೆಕ್ಕವೂ ಬೇಕು. ನೌಕರನಾದರೆ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಬಾಬ್ತು ಅವನ ಸಂಬಳದಿಂದ ಶೇ. 7.65 ಕಡಿತವಾಗುತ್ತದೆ, ಅಷ್ಟನ್ನೇ ಕಂಪೆನಿಯೂ ಸೇರಿಸುತ್ತದೆ. 600 ಡಾಲರಿಗೆ ಇದು 45.90 ಡಾಲರ್. ಹೊಸಬನನ್ನು ಸ್ವತಂತ್ರ ಗುತ್ತಿಗೆದಾರನೆಂದು ಬರೆದುಕೊಂಡರೆ ಶೇ. 15.3ರ ದರದ ಎರಡೂ ಪಾಲು ಅವನ ತಲೆಯ ಮೇಲೆಯೇ. ವರಮಾನ ತೆರಿಗೆ ಬೇರೆ. ಟ್ರಕ್ಕು, ಸರಕು, ದಾರಿ, ಸಮಯ ಎಲ್ಲವನ್ನೂ ಕಂಪೆನಿಯೇ ನಿರ್ಧರಿಸುವಾಗ ಕಲಿಯುವವನನ್ನು ‘ಸ್ವತಂತ್ರ’ ಎಂದು ಕರೆಯುವುದು ಹೆಸರಿಗಷ್ಟೇ. ಸಂಬಳದ ಒಂದು ಪಾಲನ್ನು ದಿನಭತ್ಯೆ ಎಂದು ತೋರಿಸುವ ಪದ್ಧತಿಯೂ ಇದೆ. ಇದರಿಂದ ತೆರಿಗೆ ಉಳಿದು ಕೈಗೆ ಹೆಚ್ಚು ಹಣ ಬಂದಂತೆ ಕಾಣುತ್ತದೆ. ಆದರೆ ದಾಖಲೆಯಲ್ಲಿ ಸಂಬಳ ಕಡಿಮೆಯಾಗುವುದರಿಂದ ಮುಂದಿನ ಪಿಂಚಣಿಯ ಲೆಕ್ಕಕ್ಕೂ ಮನೆ ಸಾಲದ ಅರ್ಜಿಗೂ ಅದು ಹೊಡೆತ ಕೊಡಬಹುದು. ಟ್ರಕ್ಕಿನ ಬದುಕಿನಲ್ಲಿ ಊಟ, ಸ್ನಾನ, ಬಟ್ಟೆ ಒಗೆಯುವುದು ಎಲ್ಲವೂ ಹೆದ್ದಾರಿಯ ತಂಗುದಾಣಗಳಲ್ಲಿ. ವಾರದ ಖರ್ಚನ್ನು ಮೊದಲೇ ಅಂದಾಜಿಸಿಕೊಳ್ಳುವುದು ಲೇಸು.

ಹೊರಡುವ ಮುನ್ನ

ಇಲ್ಲಿಂದಲೇ ನೇರವಾಗಿ ಅಮೆರಿಕದ ಟ್ರಕ್ ಕೆಲಸಕ್ಕೆ ಕಳುಹಿಸುತ್ತೇವೆ ಎನ್ನುವ ಏಜೆಂಟರ ಮಾತನ್ನು ನಂಬುವ ಮೊದಲು ಎರಡು ವಿಷಯ ತಿಳಿದಿರಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರಕಾರವು ವಾಣಿಜ್ಯ ಟ್ರಕ್ ಚಾಲಕರಿಗೆ ಉದ್ಯೋಗ ವೀಸಾ ನೀಡುವುದನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಅದೇ ವರ್ಷದ ಜೂನ್ 25ರಿಂದ, ರಸ್ತೆ ತಪಾಸಣೆಯಲ್ಲಿ ಇಂಗ್ಲಿಷ್ ಮಾತನಾಡಲು, ಫಲಕಗಳನ್ನು ಓದಲು ಬಾರದ ಚಾಲಕನನ್ನು ಅಲ್ಲಿಯೇ ಕೆಲಸದಿಂದ ನಿಲ್ಲಿಸುವ ಕ್ರಮವೂ ಜಾರಿಗೆ ಬಂತು. ಆದ್ದರಿಂದ ಈ ದಾರಿ ಮುಖ್ಯವಾಗಿ ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರಿಗೇ ಹೊರತು ಮುಂಗಡ ಹಣ ಕೊಟ್ಟು ವಿಮಾನ ಹತ್ತುವವರಿಗಲ್ಲ.

ಅಲ್ಲಿರುವ ಬಂಧುಗಳ ಮಕ್ಕಳು ಕರಾರಿಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಹೀಗಿವೆ: ತಾನು ನೌಕರನೋ, ಗುತ್ತಿಗೆದಾರನೋ? ತರಬೇತಿ ಎಷ್ಟು ವಾರ ಅಥವಾ ಎಷ್ಟು ಗಂಟೆ? ಸಂಬಳ ವಾರದ ಲೆಕ್ಕವೋ, ಮೈಲಿಯದ್ದೋ? ಮೈಲಿಯಾದರೆ ಯಾರ ಮೈಲು, ಯಾವ ಅಳತೆ? ಸರಕಿಗಾಗಿ ಕಾಯುವ ಹೊತ್ತಿಗೆ, ಟ್ರಕ್ ಕೆಟ್ಟು ನಿಂತ ದಿನಕ್ಕೆ ಏನು? ಬರ್ತ್‌ನ ಹೊತ್ತಿನ ಬಗ್ಗೆ ಕರಾರಿನಲ್ಲಿ ಏನು ಬರೆದಿದೆ? ನಡುವೆ ಬಿಟ್ಟರೆ ಎಷ್ಟು ಮರುಪಾವತಿ, ಕಂಪೆನಿಯೇ ತೆಗೆದುಹಾಕಿದರೆ ಎಷ್ಟು? ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ಬೇಕು.

ಇನ್ನು ಟ್ರಕ್ ಹತ್ತಿದ ದಿನದಿಂದಲೇ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಗಂಟೆಗೆ ಎದ್ದದ್ದು, ಓಡಿಸಿದ್ದು, ಕಾದದ್ದು, ಇಂಧನ ತುಂಬಿಸಿದ್ದು, ಮಲಗಿದ್ದು, ನಡುವೆ ಎಬ್ಬಿಸಿದ್ದು ಎಲ್ಲವನ್ನೂ ಅದೇ ದಿನ ಬರೆದಿಡಬೇಕು. ಇಲೆಕ್ಟ್ರಾನಿಕ್ ಯಂತ್ರ ಚಕ್ರ ಉರುಳಿದ್ದನ್ನು ತಾನಾಗಿ ಬರೆಯುತ್ತದೆ; ಕಾದದ್ದನ್ನು, ಎದ್ದದ್ದನ್ನು ಚಾಲಕನೇ ನಮೂದಿಸದಿದ್ದರೆ ಅದಕ್ಕೆ ಗೊತ್ತಾಗದು. ಸಂಬಳ ಕಡಿಮೆ ಬಿದ್ದಿದ್ದರೆ ಕಾರ್ಮಿಕ ಇಲಾಖೆಯ ವೇತನ ಮತ್ತು ಗಂಟೆಗಳ ವಿಭಾಗಕ್ಕೆ ದೂರು ನೀಡಬಹುದು. ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷ, ಕಂಪೆನಿ ಬೇಕೆಂದೇ ನಿಯಮ ಮುರಿದಿದ್ದರೆ ಮೂರು ವರ್ಷದ ಅವಧಿಯಿದೆ. ಗೆದ್ದರೆ ಬಾಕಿಯ ಜತೆಗೆ ಅಷ್ಟೇ ಮೊತ್ತದ ಪರಿಹಾರವೂ ದೊರೆಯಬಹುದು. ದೂರು ಕೊಟ್ಟನೆಂದು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ತರಬೇತಿಯ ಕಷ್ಟ ಕೆಲವೇ ವಾರಗಳದ್ದು, ಕಲಿತ ವಿದ್ಯೆ ಜೀವನಪೂರ್ತಿ ಎಂಬ ಮಾತೂ ಸುಳ್ಳಲ್ಲ. ಸಹನೆಯಿಂದ ಈ ದಿನಗಳನ್ನು ದಾಟಿ ಸ್ವಂತ ಟ್ರಕ್ಕಿನ ಒಡೆಯರಾದವರು ಅಲ್ಲಿ ಅನೇಕರಿದ್ದಾರೆ. ಆದರೆ ಕಲಿಯುವವನ ಸಹನೆಯನ್ನೇ ಕಂಪೆನಿಯ ಲಾಭದ ಪಟ್ಟಿಗೆ ಬರೆದುಕೊಳ್ಳಬಾರದು. ನಮ್ಮ ಸಂಘ-ಸಂಸ್ಥೆಗಳು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ, ವೃತ್ತಿ ಮಾರ್ಗದರ್ಶನ ಶಿಬಿರಗಳನ್ನು ಏರ್ಪಡಿಸುತ್ತವೆ. ಅಲ್ಲಿ ಯಾವ ಕೋರ್ಸಿಗೆ ಯಾವ ಕೆಲಸ ಎಂಬುದರ ಜತೆಗೆ, ನೇಮಕದ ಕಾಗದ ಓದುವುದು ಹೇಗೆ, ವಾರದ ಸಂಬಳವನ್ನು ಗಂಟೆಗಳಿಂದ ಭಾಗಿಸಿ ನೋಡುವುದು ಹೇಗೆ ಎಂಬುದನ್ನೂ ಅರ್ಧ ಗಂಟೆ ಹೇಳಿಕೊಟ್ಟರೆ ಯುವಜನರಿಗೆ ಉಪಕಾರವಾದೀತು. ಅಮೆರಿಕದ ಹೆದ್ದಾರಿಯಾಗಲಿ, ನವಿ ಮುಂಬಯಿಯ ಗೋದಾಮಾಗಲಿ, ಆ ಭಾಗಾಕಾರ ಬದಲಾಗುವುದಿಲ್ಲ.